ಹೊಸ್ತಿಲಾಚೆಯ ಸೀರೆ

"ಗುರುಗಳೇ, ಗಂಡಸೊಬ್ಬನಿಗೆ ಸೀರೆ ಉಡುವ ಆಸೆಯಿದ್ದರೆ ಮನೆಯೊಳಗೆ ಉಟ್ಟುಕೊಳ್ಳಲಿ. ಯಾರು ಬೇಡವೆಂದರು? ಹಾಡುಹಗಲಲ್ಲಿ, ಎಲ್ಲರೂ ಗುರುತಿಸುವ ಪೇಟೆಗೇ ಏಕೆ ಬರಬೇಕು?"

ಹೀಗೆ ಕೇಳಿದವನು ಮಠದ ಕಾವಿಧಾರಿ ಶಿಷ್ಯ ಕೊಟ್ರಯ್ಯ. ಅವನು ಆಗಷ್ಟೇ ಪೇಟೆಯಿಂದ ಮಠಕ್ಕೆ ತರಕಾರಿ ತಂದಿದ್ದ. ಅಲ್ಲಿ ಒಬ್ಬ ಗಂಡಸು ಸೀರೆ ಉಟ್ಟು ಹೀರೇಕಾಯಿ ಆರಿಸುತ್ತಿದ್ದನಂತೆ. ಸುತ್ತ ಜನ ನೆರೆದರಂತೆ. ಯಾರೋ ಸಿಳ್ಳೆ ಹೊಡೆದರಂತೆ.

"ನೀನೇನು ಮಾಡಿದೆ?" ಎಂದು ಗುರುಗಳು ಕೇಳಿದರು.

"ನಗು ಬಂತು, ನಕ್ಕೆ."

"ಹೀರೇಕಾಯಿ ಆರಿಸುವುದನ್ನು ನೋಡಿ ನಗು ಬಂತೇ? ಭಲೆ! ಆ ಚೀಲ ಕೆಳಗಿಡು. ಇಲ್ಲಿ ಕೂತುಕೋ. ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಿದೆಯೋ, ಅಲ್ಲಿಗೇ ನಿಲ್ಲಿಸಿ ಎದ್ದುಹೋಗುತ್ತೇನೆ."

ಕೊಟ್ರಯ್ಯ ಕೂತ. ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಂದು ಸೀರೆ ಅಂಗಡಿ. ಆ ಅಂಗಡಿಯಲ್ಲಿ ಸೀರೆ ತೋರಿಸುವವನೊಬ್ಬ. ಅವನಿಗೊಂದು ಹೆಸರು ಬೇಕೇ? ಅಡಿವೆಪ್ಪ ಎಂದಿಟ್ಟುಕೋ.

ಸೀರೆ ಅಂಗಡಿಯ ಪದ್ಧತಿ ನಿನಗೂ ಗೊತ್ತು. ನೀನೂ ತಾಯಿಯ ಸೆರಗು ಹಿಡಿದು ಅಲ್ಲಿಗೆ ಹೋದವನೇ. ಹೆಂಗಸರು ಈಚೆ ಕೂರುತ್ತಾರೆ. ಬಿಳಿ ಗಾದಿಯ ಮೇಲೆ ನಿಂತ ಗಂಡಸು ತನ್ನ ಅಂಗಿಯ ಮೇಲೆಯೇ ಸೀರೆ ಸುತ್ತಿಕೊಂಡು, ನೆರಿಗೆ ಹಿಡಿದು, ಸೆರಗು ಹೊದ್ದು ತೋರಿಸುತ್ತಾನೆ. "ಸ್ವಲ್ಪ ತಿರುಗಪ್ಪಾ" ಎನ್ನುತ್ತಾರೆ. ತಿರುಗುತ್ತಾನೆ. "ಸೆರಗು ಹರಡು" ಎನ್ನುತ್ತಾರೆ. ಹರಡುತ್ತಾನೆ. ಅವನಿಗೆ ಇಷ್ಟು ದಪ್ಪ ಮೀಸೆಯಿರುತ್ತದೆ. ಆದರೂ ಒಬ್ಬರೂ ನಗುವುದಿಲ್ಲ. "ನಮ್ಮ ಸೊಸೆಗೆ ಇದು ಒಪ್ಪುತ್ತದೆ" ಎಂದು ಅವನ ಮೈಮೇಲಿನ ಸೀರೆಯನ್ನೇ ನೋಡಿ ಹೇಳುತ್ತಾರೆ.

ಅಡಿವೆಪ್ಪ ಹದಿನೆಂಟು ವರ್ಷ ಈ ಕೆಲಸ ಮಾಡಿದ. ಅವನು ನೆರಿಗೆ ಹಿಡಿದರೆ ಒಂದು ಎಳೆ ಆಚೀಚೆ ಆಗುತ್ತಿರಲಿಲ್ಲ. ಮದುವೆಯ ಮನೆಯವರು ಅವನಿಗೆ ಬಿಡುವಾಗುವ ತನಕ ಕಾದು ಕೂರುತ್ತಿದ್ದರು. ಅವನ ಮೈಮೇಲೆ ಬಂದ ಸೀರೆ ಅರ್ಧ ಮಾರಾಟವಾದಂತೆಯೇ ಎಂದು ಅಂಗಡಿಯ ಸಾಹುಕಾರ ಹೇಳುತ್ತಿದ್ದ.

ಅಡಿವೆಪ್ಪನಿಗೆ ಸೇರದ ಮಾತು ಒಂದೇ. "ಸಾಕು, ಇಳಿಸು" ಎನ್ನುವ ಮಾತು. ಗಿರಾಕಿ ಹಾಗೆಂದ ಕೂಡಲೇ ಸೀರೆ ಬಿಚ್ಚಿ ಮಡಚಬೇಕು. ಮುಚ್ಚಿಡುವುದೇನು, ಸೀರೆ ಉಟ್ಟಾಗ ಅವನಿಗೆ ಸಂತೋಷವಾಗುತ್ತಿತ್ತು. ಬಿಚ್ಚುವಾಗ ದುಃಖವಾಗುತ್ತಿತ್ತು. ದಿನಕ್ಕೆ ನಲವತ್ತು ಸಲ ಸಂತೋಷ, ನಲವತ್ತು ಸಲ ದುಃಖ. ಹೀಗೆ ಹದಿನೆಂಟು ವರ್ಷ.

"ಗಂಡಸಿಗೆ ಸೀರೆಯಲ್ಲಿ ಎಂಥ ಸಂತೋಷ, ಗುರುಗಳೇ?"

"ಬಾಯಿ ಹಾಕಬೇಡ ಎಂದಿದ್ದೆ. ನಿನಗೆ ಕೆಂಪು ಮೆಣಸಿನಕಾಯಿ ಚಟ್ನಿ ಕಂಡರೆ ಜೀವ. ಏಕೆ ಎಂದು ನಾನು ಎಂದಾದರೂ ಕೇಳಿದ್ದೇನೆಯೇ? ಸುಮ್ಮನೆ ಇನ್ನೊಂದು ಚಮಚ ಹಾಕಿಸುತ್ತೇನೆ. ಅವನಿಗೆ ಸಂತೋಷವಾಗುತ್ತಿತ್ತು. ಮುಗಿಯಿತು. ಮುಂದೆ ಕೇಳು."

ಒಂದು ದಿನ ಅಡಿವೆಪ್ಪ ತನಗಾಗಿಯೇ ಒಂದು ಸೀರೆ ಕೊಂಡ. ರೇಷ್ಮೆಯದಲ್ಲ, ನೇಕಾರರ ಕೈಮಗ್ಗದ ಹತ್ತಿ ಸೀರೆ. ಕಡುನೀಲಿ ಬಣ್ಣ, ಕೆಂಪು ಅಂಚು. ಮನೆಗೆ ಒಯ್ದು, ಬಾಗಿಲು ಹಾಕಿಕೊಂಡು ಉಟ್ಟ. ಇಳಿಸು ಎನ್ನುವವರು ಯಾರೂ ಇರಲಿಲ್ಲ. ಮನೆಯಲ್ಲಿ ಅವನೊಬ್ಬನೇ. ಅಂಗಡಿಗೆ ಮೂರು ದಿನ ರಜೆಯಿತ್ತು. ಮೂರು ದಿನವೂ ಉಟ್ಟುಕೊಂಡೇ ಇದ್ದ, ಉಂಡ, ಮಲಗಿದ. ನೀನು ಹೇಳುತ್ತೀಯಲ್ಲ, ಮನೆಯೊಳಗೆ ಉಟ್ಟುಕೊಳ್ಳಲಿ ಎಂದು, ಹಾಗೆಯೇ ಮಾಡಿದ. ಬಹಳ ಒಳ್ಳೆಯವನು, ನಿನ್ನ ಮಾತು ಕೇಳುವಂಥವನು.

ಮೂರನೆಯ ದಿನ ರೊಟ್ಟಿ ತಟ್ಟಲು ಕೂತರೆ ಡಬ್ಬಿಯಲ್ಲಿ ಹಿಟ್ಟಿಲ್ಲ. ಜೋಳ ಒಯ್ದು ಗಿರಣಿಯಲ್ಲಿ ಬೀಸಿಸಿಕೊಂಡು ಬರಬೇಕು. ಸೀರೆ ಬಿಚ್ಚಿಟ್ಟು ಹೋಗೋಣವೆಂದು ಅವನ ಕೈ ತಾನಾಗಿಯೇ ಸೊಂಟದ ನೆರಿಗೆಗೆ ಹೋಯಿತು. ಹೋದ ಕೈ ಅಲ್ಲೇ ನಿಂತಿತು. ಅಡಿವೆಪ್ಪನಿಗೆ ಸಿಟ್ಟು ಬಂತು. 'ಅಂಗಡಿಯಲ್ಲಾದರೆ ಗಿರಾಕಿ ಹೇಳುತ್ತಾಳೆ, ಇಳಿಸುತ್ತೇನೆ. ಇಲ್ಲಿ ಯಾರೂ ಹೇಳಲಿಲ್ಲ. ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನಲ್ಲ! ಹೊಟ್ಟೆಗೆ ಹಿಟ್ಟು ಬೇಕಾದಾಗಲೆಲ್ಲ ನಾನು ನಾನಲ್ಲದವನಾಗಿ ಹೋಗಬೇಕೇ?' ಎಂದುಕೊಂಡ. ಡಬ್ಬಿಗೆ ಜೋಳ ತುಂಬಿದ, ಕಂಕುಳಲ್ಲಿ ಇಟ್ಟುಕೊಂಡ, ಬಾಗಿಲು ತೆಗೆದು ನಡೆದ.

ಬೇರೆ ಊರಿನ ಗಿರಣಿಗಲ್ಲ, ನೆನಪಿಟ್ಟುಕೋ. ಹದಿನೆಂಟು ವರ್ಷದಿಂದ ಹೋಗುತ್ತಿದ್ದ ಅದೇ ಗಿರಣಿಗೆ, ಬೆಳಿಗ್ಗೆ ಹತ್ತು ಗಂಟೆಗೆ.

ಗಿರಣಿಯಲ್ಲಿ ಡಬ್ಬಿಗಳು ಸಾಲಾಗಿ ಕೂತಿದ್ದವು. ಡಬ್ಬಿಯವರು ಕಟ್ಟೆಯ ಮೇಲೆ ಕೂತು ಹರಟುತ್ತಿದ್ದರು. ಅಡಿವೆಪ್ಪ ಬಂದದ್ದೇ ತಡ, ಹರಟೆ ನಿಂತಿತು. ಗಿರಣಿಯವನು ಮೇಲಿಂದ ಕೆಳಗೆ ನೋಡಿ, "ಏನಪ್ಪಾ ಅಡಿವೆಪ್ಪ, ನಿನ್ನದನ್ನು ಗಂಡಸರ ಸಾಲಿಗೆ ಇಡಲೋ, ಹೆಂಗಸರ ಸಾಲಿಗೆ ಇಡಲೋ?" ಎಂದ. ಕಟ್ಟೆಯ ಮೇಲಿದ್ದವರು ಬಿದ್ದು ಬಿದ್ದು ನಕ್ಕರು.

"ಜೋಳದ ಸಾಲಿಗೆ ಇಡು. ಗೋಧಿಯ ಸಾಲಿಗೆ ಇಟ್ಟರೆ ಹಿಟ್ಟು ಕೆಡುತ್ತದೆ" ಎಂದ ಅಡಿವೆಪ್ಪ.

ಗಿರಣಿಯವನು ಡಬ್ಬಿಯನ್ನು ಜೋಳದ ಸಾಲಿಗೇ ಇಟ್ಟ. ಸರದಿ ಬಂದಾಗ ಬೀಸಿಯೂ ಕೊಟ್ಟ.

ಮರುದಿನ ಕೆಲಸಕ್ಕೆ ಹೋಗುವ ಮೊದಲು ಅಡಿವೆಪ್ಪ ಕ್ಷೌರದ ಅಂಗಡಿಗೆ ಹೋದ. ಅದೇ ನೀಲಿ ಸೀರೆ. ಕ್ಷೌರಿಕ ಕತ್ತರಿ ಹಿಡಿದು, "ಮೀಸೆ ತೆಗೆದುಬಿಡಲೇ?" ಎಂದ. "ಮೀಸೆ ನಿನಗೇನು ಮಾಡಿದೆ? ಎಂದಿನಂತೆ ತುದಿ ಸರಿಮಾಡು" ಎಂದ ಅಡಿವೆಪ್ಪ. ಅಲ್ಲಿಂದ ಹೋಟೆಲಿಗೆ ಹೋದ. ಬೆಂಚಿನ ಮೇಲಿದ್ದ ಇಬ್ಬರು ಎದ್ದು ಬೇರೆ ಕಡೆ ಕೂತರು. ಅವನು ಚಹಾ ಕುಡಿದ. ಬೆಂಚು ಖಾಲಿಯಿದೆ, ಅವಸರವೇನು ಎಂದು ಇನ್ನೊಂದು ತರಿಸಿ ಕುಡಿದ.

ಊರಿಗೆ ಉರಿ ಹತ್ತಿತು. ಗಮನಿಸು, ಅವನು ಯಾರ ಗಂಟನ್ನೂ ಕದಿಯಲಿಲ್ಲ, ಯಾರನ್ನೂ ಬೈಯಲಿಲ್ಲ. ಹಿಟ್ಟು ತಂದ, ಮೀಸೆ ಕತ್ತರಿಸಿಕೊಂಡ, ಚಹಾ ಕುಡಿದ. ಅಷ್ಟಕ್ಕೇ ಊರಿನ ಮಾನ ಹೋಯಿತಂತೆ! ಅಷ್ಟು ಸಲೀಸಾಗಿ ಹೋಗುವ ಮಾನವನ್ನು ಇಷ್ಟು ದಿನ ಹೇಗೆ ಕಾಪಾಡಿಕೊಂಡಿದ್ದರೋ ನನಗಂತೂ ತಿಳಿಯದು.

ಊರ ಗೌಡ ನಾಲ್ಕು ಜನರನ್ನು ಕಟ್ಟಿಕೊಂಡು ಅಂಗಡಿಗೆ ಬಂದ. "ಸಾಹುಕಾರರೇ, ನಿಮ್ಮ ಆಳು ಹೀಗೆ ಬೀದಿಯಲ್ಲಿ ತಿರುಗಿದರೆ ನಮ್ಮ ಮನೆಯ ಹೆಂಗಸರು ನಿಮ್ಮ ಅಂಗಡಿ ಮೆಟ್ಟಿಲು ಹತ್ತುವುದಿಲ್ಲ" ಎಂದ.

ಸಾಹುಕಾರ ಬೆವರು ಒರೆಸಿಕೊಂಡು, "ಅಂಗಡಿಯೊಳಗೆ ಸೀರೆ ತೋರಿಸುವುದು?" ಎಂದ.

"ಒಳಗೆ ಏನು ಬೇಕಾದರೂ ಉಟ್ಟುಕೊಳ್ಳಲಿ. ಅದು ವ್ಯಾಪಾರ. ಹೊಸ್ತಿಲು ಮಾತ್ರ ದಾಟಬಾರದು."

ಹಾಗೆಂದು ತೀರ್ಮಾನವಾಯಿತು. ಇನ್ನೊಮ್ಮೆ ಸೀರೆಯಲ್ಲಿ ಹೊಸ್ತಿಲು ದಾಟಿದರೆ ಕೆಲಸ ಹೋದಂತೆ ಎಂದು ಸಾಹುಕಾರ ಅಡಿವೆಪ್ಪನಿಗೆ ಹೇಳಿದ. ಅಡಿವೆಪ್ಪನಿಗೆ ಸೀರೆ ತೋರಿಸುವುದು ಬಿಟ್ಟರೆ ಬೇರೆ ಕೆಲಸ ಗೊತ್ತಿರಲಿಲ್ಲ. ವಯಸ್ಸೂ ಆಗಿತ್ತು. ಅದಕ್ಕಿಂತ ಹೆಚ್ಚಾಗಿ, ಆ ಗಾದಿಯ ಮೇಲಿನ ಕೆಲಸವೆಂದರೆ ಅವನಿಗೆ ಪ್ರಾಣ. ಆಗಲಿ ಎಂದು ಒಪ್ಪಿದ.

"ಒಪ್ಪಿಬಿಟ್ಟನೇ?"

"ಹೌದು, ಒಪ್ಪಿದ. ಮುಖ ಕಿವುಚಬೇಡ. ಕೆಲಸ ಕಳೆದುಕೊಳ್ಳುವ ಭಯ ನಿನಗೆ ಗೊತ್ತಿಲ್ಲ. ಮಠದಲ್ಲಿ ಹೊತ್ತು ಹೊತ್ತಿಗೆ ಎಲೆ ಹಾಕುತ್ತಾರೆ, ಉಣ್ಣುತ್ತೀಯೆ. ಮಾತಾಡುವುದು ಸುಲಭ."

ಅಂದಿನಿಂದ ಅಡಿವೆಪ್ಪ ಧೋತರ, ಬಿಳಿ ಅಂಗಿ ತೊಟ್ಟು ಅಂಗಡಿಗೆ ಬರುತ್ತಿದ್ದ. ಒಳಗೆ ಬಂದ ಮೇಲೆ ಅದೇ ಅಂಗಿಯ ಮೇಲೆ ತನ್ನ ನೀಲಿ ಸೀರೆ ಉಟ್ಟು ಗಾದಿ ಹತ್ತುತ್ತಿದ್ದ. ಗಿರಾಕಿಗಳಿಗೆ ಸೀರೆ ತೋರಿಸುವಾಗ ಅದರ ಮೇಲೆಯೇ ಇನ್ನೊಂದನ್ನು ಉಡುತ್ತಿದ್ದ. ಒಳಗೆ ಏನಾದರೂ ಉಡಬಹುದೆಂದು ಗೌಡನೇ ಹೇಳಿದ್ದನಲ್ಲ. ಬಂದವರೆಲ್ಲ ಅದು ಅಂಗಡಿಯದೇ ಸೀರೆ ಎಂದುಕೊಳ್ಳುತ್ತಿದ್ದರು. "ಈ ನೀಲಿಯದು ಎಷ್ಟಪ್ಪಾ?" ಎಂದು ಕೇಳುತ್ತಿದ್ದರು. "ಇದು ಮಾರಾಟಕ್ಕಿಲ್ಲ, ಅಕ್ಕಾ" ಎನ್ನುತ್ತಿದ್ದ. ಸಂಜೆ ಅದನ್ನು ಬಿಚ್ಚಿ, ಅಂಗಡಿಯ ಕಪಾಟಿನಲ್ಲಿಟ್ಟು, ಧೋತರದಲ್ಲಿ ಮನೆಗೆ ಹೋಗುತ್ತಿದ್ದ.

ದಾರಿಯಲ್ಲಿ ಜನ ಈಗ ಪ್ರೀತಿಯಿಂದ ಮಾತಾಡಿಸುತ್ತಿದ್ದರು. "ಈಗ ನೋಡು, ಮನುಷ್ಯನಾದೆ" ಎಂದು ಗಿರಣಿಯವನು ಬೆನ್ನು ತಟ್ಟಿದ. ಹೋಟೆಲಿನ ಬೆಂಚಿನಲ್ಲಿ ಸರಿದು ಜಾಗ ಕೊಟ್ಟರು. ಗಿರಣಿಯಲ್ಲಿ ಎಲ್ಲರೂ ನಕ್ಕಾಗ ಆಗದ ನೋವು ಅವನಿಗೆ ಆ ಬೆನ್ನು ತಟ್ಟಿದಾಗ ಆಯಿತು. ಅಂದು ಮನೆಗೆ ಹೋದವನು ಉಣ್ಣಲಿಲ್ಲ. ಹೀಗೆ ನಾಲ್ಕು ತಿಂಗಳು ನಡೆಯಿತು.

ಅಷ್ಟರಲ್ಲಿ ಗೌಡನ ಮಗಳಿಗೆ ಮದುವೆ ಗೊತ್ತಾಯಿತು. ಗೌಡ ತನ್ನ ತಾಯಿಯನ್ನೂ ಮಗಳನ್ನೂ ಕರೆದುಕೊಂಡು ಸೀರೆ ಅಂಗಡಿಗೆ ಬಂದ. ಬೇರೆ ಊರಿನ ಅಂಗಡಿಗೆ ಹೋಗೋಣವೆಂದರೆ ಮುದುಕಿ ಕೇಳಿರಲಿಲ್ಲ. "ಅಡಿವೆಪ್ಪ ಉಟ್ಟು ತೋರಿಸದೆ ನಾನು ಸೀರೆ ತೆಗೆಯುವುದಿಲ್ಲ" ಎಂದು ಹಟ ಹಿಡಿದಿದ್ದಳು.

ಅಡಿವೆಪ್ಪ ತನ್ನ ನೀಲಿ ಸೀರೆಯ ಮೇಲೆ ಒಂದಾದ ಮೇಲೊಂದು ಉಟ್ಟು ತೋರಿಸಿದ. ಹನ್ನೊಂದು ಸೀರೆ ಮುಗಿದವು. ಹನ್ನೆರಡನೆಯದು ಗಿಳಿಹಸಿರು ರೇಷ್ಮೆ. ಹುಡುಗಿಯ ಕಣ್ಣು ಅದರ ಮೇಲೆ ನಿಂತಿತು. ಮುದುಕಿ ಸುಮ್ಮನೆ ಒಪ್ಪುವವಳಲ್ಲ. "ಈ ಟ್ಯೂಬ್‌ಲೈಟಿನ ಕೆಳಗೆ ಗೋಣಿಚೀಲವೂ ಚೆಂದ ಕಾಣುತ್ತದೆ. ಬಿಸಿಲಿಗೆ ಬಾ. ಬಿಚ್ಚಬೇಡ, ಉಟ್ಟುಕೊಂಡೇ ಬಾ. ನೆರಿಗೆಯ ಮೇಲೆ ಬಿಸಿಲು ಬಿದ್ದಾಗ ಬಣ್ಣ ಹೇಗಿರುತ್ತದೆ ನೋಡಬೇಕು" ಎಂದಳು.

ಬಿಸಿಲಿಗೆ ಹಿಡಿದು ಬಣ್ಣ ನೋಡುವುದು ಸೀರೆ ಕೊಳ್ಳುವವರೆಲ್ಲರ ಅಭ್ಯಾಸ. ಅದರಲ್ಲಿ ಹೊಸತೇನಿಲ್ಲ. ಆದರೆ ಸಾಹುಕಾರ ಕೂತಲ್ಲಿಂದ ಎದ್ದು ನಿಂತ. ಅಡಿವೆಪ್ಪ ಗೌಡನ ಮುಖ ನೋಡಿದ.

"ಗೌಡರೇ, ಹೊಸ್ತಿಲು ದಾಟಬಾರದು ಎಂದು ನಿಮ್ಮದೇ ಅಪ್ಪಣೆಯಿದೆ."

"ಏ, ಅದು ಬೇರೆ, ಇದು ಬೇರೆ! ಇದು ನಮ್ಮ ಮನೆಯ ಮದುವೆ ಸೀರೆ. ನಾನೇ ಹೇಳುತ್ತಿದ್ದೇನಲ್ಲ, ನಡೆ" ಎಂದ ಗೌಡ.

ಅಡಿವೆಪ್ಪ ಮೆಟ್ಟಿಲಿಳಿದು ಬೀದಿಯ ನಡುವೆ ಹೋಗಿ ನಿಂತ. ಮಧ್ಯಾಹ್ನದ ಬಿಸಿಲು. ಮುದುಕಿ ಅವನ ಸುತ್ತ ಒಂದು ಸುತ್ತು ಬಂದಳು. ಗೌಡನೂ ಬಂದ. "ಸೆರಗು ಇತ್ತ ಹಿಡಿ. ಸ್ವಲ್ಪ ತಿರುಗು. ಅಂಚು ಎತ್ತು" ಎಂದು ಗೌಡನೇ ಹೇಳಿಕೊಟ್ಟ. ಹೋಟೆಲಿನವರು ನೋಡಿದರು, ಗಿರಣಿಯ ಕಟ್ಟೆಯವರು ನೋಡಿದರು. ಯಾರ ಬಾಯಿಂದಲೂ ಸಿಳ್ಳೆ ಬರಲಿಲ್ಲ. ಗೌಡ ಪಕ್ಕದಲ್ಲೇ ನಿಂತಿದ್ದಾನಲ್ಲ, ಹೇಗೆ ಬಂದೀತು?

"ಇದೇ ಇರಲಿ ಅಪ್ಪಾ" ಎಂದಳು ಹುಡುಗಿ.

"ಆಯಿತು. ಸಾಕು ಅಡಿವೆಪ್ಪಾ, ಒಳಗೆ ಹೋಗಿ ಇಳಿಸು" ಎಂದ ಗೌಡ.

ಅಡಿವೆಪ್ಪ ಒಳಗೆ ಹೋಗಲಿಲ್ಲ. ಅಲ್ಲೇ ನಿಂತು ಭುಜದ ಪಿನ್ನು ತೆಗೆದ. ಒಂದು ತುದಿಯೂ ಮಣ್ಣಿಗೆ ತಾಗದಂತೆ ಹಸಿರು ಸೀರೆ ಬಿಚ್ಚಿದ. ಅಂಚಿಗೆ ಅಂಚು ಕೂಡಿಸಿ ಮಡಚಿ, ಹುಡುಗಿಯ ಕೈಗೆ ಕೊಟ್ಟು, "ಚೆನ್ನಾಗಿ ಬಾಳು ತಂಗೀ" ಎಂದ. ಈಗ ಅವನ ಮೈಮೇಲೆ ಉಳಿದದ್ದು ನೀಲಿ ಹತ್ತಿ ಸೀರೆ. ಅವನು ಅಂಗಡಿಯ ಕಡೆಗಲ್ಲ, ಹೋಟೆಲಿನ ಕಡೆಗೆ ತಿರುಗಿದ.

"ಏ, ಎಲ್ಲಿಗೆ? ಅಂಗಡಿಯ ಆ ಸೀರೆಯನ್ನೂ ಇಳಿಸಿಟ್ಟು ಹೋಗು!" ಎಂದು ಗೌಡ ಕೂಗಿದ.

ಅಡಿವೆಪ್ಪ ನಿಂತ. "ಗೌಡರೇ, ನೀವು ಉಡು ಎಂದ ಸೀರೆಯನ್ನು ನೀವು ಇಳಿಸು ಎಂದಾಗ ಇಳಿಸಿ ಕೊಟ್ಟೆ. ಇದು ಅಂಗಡಿಯದಲ್ಲ. ಇದನ್ನು ನಾನೇ ಕೊಂಡೆ, ನಾನೇ ಉಟ್ಟೆ. ಇದನ್ನು ಇಳಿಸು ಎನ್ನಲು ನೀವು ಯಾರು?" ಎಂದ.

ಗೌಡನ ಮುಖ ಕೆಂಪಾಯಿತು. ಇಷ್ಟು ಹೊತ್ತು ಇದೇ ಬೀದಿಯಲ್ಲಿ ಇದೇ ಮನುಷ್ಯನನ್ನು ಸೀರೆಯಲ್ಲಿ ತಿರುಗಿಸಿ ತಿರುಗಿಸಿ ನೋಡಿದವನು ತಾನೇ. ಏನೆಂದು ಬೈಯಬೇಕು? ಅವನು ಸಾಹುಕಾರನ ಕಡೆ ನೋಡಿದ. ಸಾಹುಕಾರ ಹೊಸ್ತಿಲಲ್ಲಿ ನಿಂತು ಕೈಮುಗಿಯುವವನಂತೆ ಕರೆದ. "ಅಡಿವೆಪ್ಪಾ, ಒಳಗೆ ಬಾ. ನನ್ನ ಮಾತು ಕೇಳು. ಇನ್ನು ಒಂದು ಹೆಜ್ಜೆ ಮುಂದಿಟ್ಟರೆ ನಾಳೆಯಿಂದ ನೀನು ಬರುವಂತಿಲ್ಲ."

ಹದಿನೆಂಟು ವರ್ಷ ನಿಂತ ಗಾದಿ ಬಾಗಿಲಿನಿಂದಾಚೆ ಕಾಣುತ್ತಿತ್ತು. ಬಿಚ್ಚಿ ಹರಡಿದ ಹನ್ನೊಂದು ಸೀರೆಗಳು ಇನ್ನೂ ಅದರ ಮೇಲೆಯೇ ಇದ್ದವು. ಅವುಗಳನ್ನು ಮಡಚದೆ ಬಿಟ್ಟು ಹೋಗಲು ಅಡಿವೆಪ್ಪನಿಗೆ ಬಹಳ ಸಂಕಟವಾಯಿತು. ಅವನ ಕಣ್ಣಲ್ಲಿ ನೀರು ಬಂತು. "ಹನ್ನೊಂದೂ ಹಾಗೇ ಬಿದ್ದಿವೆ ಸಾಹುಕಾರರೇ, ಯಾರಿಂದಲಾದರೂ ಮಡಚಿಸಿ" ಎಂದ. ಹೆಜ್ಜೆ ಮುಂದಿಟ್ಟ.

ಆಗ ಬಂತು ನೋಡು ಸಿಳ್ಳೆ. ಗೌಡನ ಪಕ್ಕದಲ್ಲಿ ನಿಂತಿದ್ದಾಗ ಬಾರದ್ದು ಈಗ ನಾಲ್ಕೂ ಕಡೆಯಿಂದ ಬಂತು. ಅಡಿವೆಪ್ಪ ಓಡಲಿಲ್ಲ. ಹೋಟೆಲಿಗೆ ಹೋಗಿ ಎಂದಿನ ಬೆಂಚಿನಲ್ಲಿ ಕೂತು, "ಒಂದು ಚಹಾ" ಎಂದ. ಅವನಿಗೆ ಹೆದರಿಕೆಯಿರಲಿಲ್ಲ ಎಂದು ನಾನು ಸುಳ್ಳು ಹೇಳುವುದಿಲ್ಲ. ಎತ್ತುವಾಗಲೇ ಕಪ್ಪಿನಿಂದ ಅರ್ಧ ಚಹಾ ಬಸಿಗೆ ಚೆಲ್ಲಿತು. ಬಸಿಯಲ್ಲಿದ್ದದ್ದನ್ನೂ ಕುಡಿದ. ಸೆರಗಿನಿಂದ ಮೀಸೆ ಒರೆಸಿಕೊಂಡ. ಎದ್ದು, ಪೇಟೆಯ ನಡುವಿನಿಂದಲೇ ಮನೆಗೆ ಹೋದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

"ಕೆಲಸ ಏನಾಯಿತು ಗುರುಗಳೇ?"

"ಹೋಯಿತು. ಹೋಗದೆ ಉಳಿಯುತ್ತದೆಯೇ? ಈಗ ಸೀರೆಯ ಗಂಟು ಹೊತ್ತು ಮನೆ ಮನೆಗೆ ಮಾರುತ್ತಾನೆ. ಒಂದು ಮನೆಯ ಅಂಗಳದಲ್ಲಿ ಉಟ್ಟು ತೋರಿಸುತ್ತಾನೆ, ಅಲ್ಲಿಂದ ಮುಂದಿನ ಮನೆಗೆ ತನ್ನ ಸೀರೆಯಲ್ಲೇ ನಡೆಯುತ್ತಾನೆ. ಕೆಲವರು ಕರೆದು ನೀರು ಕೊಡುತ್ತಾರೆ. ಕೆಲವರು ಅವನನ್ನು ಕಂಡರೆ ಬಾಗಿಲು ಹಾಕುತ್ತಾರೆ. ಗೌಡನ ತಾಯಿಯೂ ಕರೆಯುತ್ತಾಳೆ, ಗೌಡ ಮನೆಯಲ್ಲಿಲ್ಲದ ಹೊತ್ತು ನೋಡಿ. ಮೊದಲಿನಷ್ಟು ಗಳಿಕೆಯಿಲ್ಲ. ಮೊದಲಿಗಿಂತ ಕಷ್ಟವಿದೆ."

"ಊರು ಕೊನೆಗಾದರೂ ಒಪ್ಪಿತೇ?"

"ಊರು ಒಪ್ಪಿತೇ, ಊರು ಒಪ್ಪಿತೇ! ಚಹಾ ಕುಡಿಯಲು ಹೋಗುವವನು ಊರನ್ನು ಕೇಳಿ ಹೋಗುತ್ತಾನೆಯೇ?"

ಗುರುಗಳ ದನಿ ಏರಿತ್ತು.  ಆದರೂ ಕೊಟ್ರಯ್ಯನಿಗೆ ಸಮಾಧಾನವಾಗಲಿಲ್ಲ.

"ಸಿಟ್ಟಾಗಬೇಡಿ ಗುರುಗಳೇ. ಅವನ ಧೈರ್ಯ ದೊಡ್ಡದೇ. ಆದರೆ ಇಷ್ಟೆಲ್ಲ ಪಾಡು ಏಕೆ? ಬಾಗಿಲು ಹಾಕಿಕೊಂಡು ಮನೆಯೊಳಗೇ ಉಟ್ಟಿದ್ದರೆ ಆಸೆಯೂ ತೀರುತ್ತಿತ್ತು, ಕೆಲಸವೂ ಉಳಿಯುತ್ತಿತ್ತು."

ಗುರುಗಳು ಈ ಸಲ ಗದರಲಿಲ್ಲ. ಕೈ ಚಾಚಿ ಶಿಷ್ಯನ ಹೆಗಲ ಮೇಲಿನ ಕಾವಿ ವಸ್ತ್ರವನ್ನು ಮುಟ್ಟಿದರು.

"ಕೊಟ್ರಯ್ಯಾ, ಈ ಕಾವಿ ಉಟ್ಟ ಮರುದಿನವೇ ನೀನು ನಿಮ್ಮ ಓಣಿಗೆ ಹೋಗಿ ಎಲ್ಲರೆದುರು ನಿಂತದ್ದು ಏಕೆ?"